ನಾಲ್ಕು ಇಂಚಿನ ಎತ್ತರ: ಮಿಲ್ಲಿಂಗ್ ಯಂತ್ರದ ಒಂದು ಚರಿತ್ರೆ

ಸಣ್ಣ ಕೈಗಾರಿಕೆಗಳ ಕುರಿತ ನಮ್ಮ ಚರ್ಚಾ ಕಾರ್ಯಕ್ರಮ ಮುಗಿಯಲು ಒಂದೂವರೆ ನಿಮಿಷ ಉಳಿದಿತ್ತು. ಆಗ ಶಹಾಬಾದಿನಿಂದ ಒಂದು ದೂರವಾಣಿ ಕರೆ ಬಂತು. ಕರೆ ಮಾಡಿದವರು ಸಣ್ಣದೊಂದು ವರ್ಕ್‌ಶಾಪಿನ ಮಾಲೀಕರು. "ನಮ್ಮ ಹತ್ರ ಟೇಬಲ್ ಮ್ಯಾಲ ಇಡೋವಂಥ ಸಣ್ಣ ಮಿಲ್ಲಿಂಗ್ ಮಷಿನ್ ಅದರಿ. ದೊಡ್ಡ ಕೆಲಸ ಬಂದ್ರ ಒಳಗ ಹಿಡಿಸಂಗಿಲ್ಲ. ಕಾಲಮ್ ಬುಡಕ್ಕ ನಾಕ್ ಇಂಚಿನ ಬ್ಲಾಕ್ ಕೊಟ್ಟು ಎತ್ತರ ಮಾಡ್ಬೇಕಂತೀನಿ. ಮಾಡಬಹುದೋ, ಮಾಡಬಾರದೋ, ಅಷ್ಟ ಹೇಳ್ರಿ" ಎಂದು ಕೇಳಿದರು. ಸ್ಟುಡಿಯೋದಲ್ಲಿದ್ದ ತಜ್ಞರು "ಮಾಡಬಹುದು, ಆದರೆ..." ಎಂದರು. ಅಷ್ಟರಲ್ಲಿ ನಿಯಂತ್ರಣ ಕೊಠಡಿಯಿಂದ ಮುಗಿಸಿ ಎಂದು ಸೂಚನೆ ಕೊಟ್ಟವನು ನಾನೇ. "ಆದರೆ" ಎಂಬುದರ ಮುಂದಿನ ಮಾತೆಲ್ಲ ಕೊನೆಯ ಸಂಗೀತದಲ್ಲಿ ಮುಳುಗಿಹೋಯಿತು.

ತೆರೆಯ ಮೇಲೆ ಹೇಳಲಾಗದೆ ಉಳಿದದ್ದನ್ನು ಹೇಳುವುದಕ್ಕೇ ಈ ಪುಟಗಳಿರುವುದು. ಆ "ಆದರೆ"ಯ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ನೂರಾರು ವರ್ಷಗಳ ಒಂದು ಕಥೆ. ಶಹಾಬಾದಿನ ಆ ಮಾಲೀಕರು ಕೇಳಿದ ಪ್ರಶ್ನೆಯನ್ನೇ ಅಮೆರಿಕದ ಬಂದೂಕು ಕಾರ್ಖಾನೆಗಳವರೂ ಒಂದು ಕಾಲದಲ್ಲಿ ಎದುರಿಸಿದ್ದರು. ಅದಕ್ಕೆ ಸರಿಯಾದ ಉತ್ತರ ಹೊಳೆಯಲು ಅವರಿಗೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಯಂತ್ರದ ಪರಿಚಯ ಇಲ್ಲದ ಓದುಗರಿಗಾಗಿ ಒಂದೆರಡು ಮಾತು. ಲೇತ್ ಎಲ್ಲರೂ ನೋಡಿರುವ ಯಂತ್ರ. ಅದರಲ್ಲಿ ಕಬ್ಬಿಣದ ತುಂಡು ತಿರುಗುತ್ತದೆ, ಉಳಿ ನಿಂತಿರುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುವುಮುರುವು. ಹಲ್ಲುಗಳುಳ್ಳ ಕಟ್ಟರ್ ತಿರುಗುತ್ತದೆ, ತುಂಡು ಟೇಬಲ್ಲಿನ ಮೇಲೆ ಬಿಗಿದು ಕುಳಿತು ಅದರಡಿ ಸರಿಯುತ್ತದೆ. ಹಾಗಾಗಿ ದುಂಡನೆಯ ಕೆಲಸಕ್ಕೆ ಲೇತ್; ಚಪ್ಪಟೆ ಮುಖ, ಗಾಡಿ, ಹಲ್ಲು, ಚೌಕದ ಕೆಲಸಕ್ಕೆ ಮಿಲ್ಲಿಂಗ್. ನಮ್ಮ ಭಾಗದಲ್ಲಿ "ಮಿಲ್" ಎಂಬ ಶಬ್ದವೇ ಗೊಂದಲದ್ದು. ಕಲಬುರಗಿಯ ಹಿರಿಯರಿಗೆ ಮಿಲ್ ಎಂದರೆ ಎಂಎಸ್‌ಕೆ ಬಟ್ಟೆ ಗಿರಣಿ. ವಾಡಿಯ ಸಿಮೆಂಟ್ ಕಾರ್ಮಿಕರಿಗೆ ಮಿಲ್ ಎಂದರೆ ಉಕ್ಕಿನ ಗುಂಡುಗಳನ್ನು ತುಂಬಿ ತಿರುಗಿಸುವ ದೈತ್ಯ ಪೀಪಾಯಿ. ನಾನು ಇಲ್ಲಿ ಹೇಳುವ ಮಿಲ್ ಅವೆರಡರ ಮುಂದೆ ಆಟಿಕೆಯಂತಿದೆ, ಇಬ್ಬರು ಹಿಡಿದೆತ್ತಿ ಮೇಜಿನ ಮೇಲಿಡಬಹುದು. ಹೊರದೇಶಗಳಲ್ಲಿ ಇದನ್ನು ಹೆಚ್ಚಾಗಿ ಹವ್ಯಾಸಿಗಳು ಕೊಳ್ಳುತ್ತಾರೆ; ರಜಾದಿನಗಳಲ್ಲಿ ಪುಟ್ಟ ಉಗಿಯಂತ್ರ, ಆಟದ ರೈಲು ಮಾಡುತ್ತಾರೆ. ನಮ್ಮಲ್ಲಿ ಅದೇ ಯಂತ್ರದ ಮೇಲೆ ಒಂದು ಮನೆಯ ಊಟ ನಡೆಯುತ್ತದೆ.

ಮುಂದಿನ ವಾರ ಚಿತ್ರೀಕರಣದ ಬೇರೆ ಕೆಲಸದ ಮೇಲೆ ಆ ಕಡೆ ಹೋದಾಗ ನಾನು ಆ ವರ್ಕ್‌ಶಾಪಿಗೆ ಹೋದೆ. ತಗಡಿನ ಶೆಡ್ಡು, ಒಂದು ಹಳೆಯ ಲೇತ್, ಒಂದು ವೆಲ್ಡಿಂಗ್ ಸೆಟ್, ಮೂಲೆಯಲ್ಲಿ ಆ ಸಣ್ಣ ಮಿಲ್ಲಿಂಗ್ ಮಷಿನ್. ಅದನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದಂತೆ. ಮಾಲೀಕರಿಗೆ ಮೂವತ್ತರ ಆಸುಪಾಸು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಅವರ ಕಾಕಾ, ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ನೆಲದ ಮೇಲೆ ಬೀಡಿನ ಒಂದು ಹೌಸಿಂಗ್ ಬಿದ್ದಿತ್ತು, ಕಲ್ಲು ಪಾಲಿಶ್ ಮಾಡುವ ಯಂತ್ರದ ಗೇರ್‌ಬಾಕ್ಸಿನದು, ಎತ್ತರ 7 ಇಂಚು. ಅದರಲ್ಲಿ ಬೇರಿಂಗ್ ಕೂಡುವ ರಂಧ್ರ ಸವೆದು ದೊಡ್ಡದಾಗಿತ್ತು. ಅದನ್ನು ಕೊರೆದು ಬುಷ್ ಹಾಕಬೇಕು. ಇಲ್ಲಿ ಆಗದಿದ್ದರೆ ಟೆಂಪೋದಲ್ಲಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕಳಿಸಬೇಕು. ಅಲ್ಲಿಂದ ಬರುವವರೆಗೆ ಪಾಲಿಶ್ ಘಟಕದವರು ಕೈಕಟ್ಟಿ ಕೂಡಬೇಕು. ಎರಡು ಸಲ ಹಾಗೆ ಕೂತವರು ಮೂರನೆಯ ಸಲ ಕೆಲಸ ತಂದು ಕೊಡುವುದಿಲ್ಲ ಎಂಬುದು ಮಾಲೀಕರ ಚಿಂತೆ. "ಹಿಂದ ಒಮ್ಮೆ ಎಂಎಸ್ ಪಟ್ಟಿ ತುಂಡು ಪ್ಯಾಕಿಂಗ್ ಕೊಟ್ಟು ಕಾಲಮ್ ಎತ್ತಿದ್ದೆ ಸರ. ಕಟಿಂಗ್ ನಡದಾಗ ಪಟ್ಟಿ ಸರದು ಬಿಡ್ತು. ಕಟ್ಟರ್ ಹೋಗಿ ಹೌಸಿಂಗ್‌ನಾಗ ಕಚ್ಚಿ, ಪೂರಾ ಒಡದೇ ಹೋಯ್ತು. ರೊಕ್ಕ ನಾನೇ ತುಂಬಿಕೊಟ್ಟೆ" ಎಂದರು.

ಇಂಥ ವರ್ಕ್‌ಶಾಪುಗಳು ಈ ಸೀಮೆಯಲ್ಲಿ ಇಷ್ಟೊಂದು ಏಕೆ ಹುಟ್ಟಿದವು ಎಂಬುದಕ್ಕೆ ನೆಲವೇ ಕಾರಣ. ಭೀಮಾ ಮತ್ತು ಕಾಗಿಣಾ ನದಿಗಳ ನಡುವೆ ನೆಲದಡಿ ಹಾಸಿಕೊಂಡಿರುವುದು ಸುಣ್ಣಕಲ್ಲು. ಪ್ರಾಚೀನ ಸಮುದ್ರವೊಂದರ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದ ಈ ಕಲ್ಲು ಉಳಿ ಇಟ್ಟು ಬಡಿದರೆ ಹಾಳೆಯಂತೆ ಏಳುತ್ತದೆ. ನಾವು ಫರಸಿ ಎನ್ನುವ, ಹೊರಗಿನವರು ಶಹಾಬಾದ್ ಕಲ್ಲು ಎನ್ನುವ ಹಾಸುಗಲ್ಲು ಇದೇ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರಾಜ್ಯದ ರೈಲು ವಾಡಿಯಿಂದ ಕವಲೊಡೆದು, ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಯಿತು. ಕಲ್ಲಿಗೆ ಗಾಲಿ ಬಂತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಂಪನಿ ಬಂತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಸೇರಿತು. ಮುಂದೆ ವಾಡಿಯಲ್ಲಿ, ಆಮೇಲೆ 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲಿ ಸಿಮೆಂಟಿನ ಚಿಮಣಿಗಳೆದ್ದವು. ಶಹಾಬಾದಿನಲ್ಲಿ ಭಾರೀ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೂ ಇತ್ತು. ಊರಿನವರು ಈಗಲೂ ಅದನ್ನು ಎಬಿಎಲ್ ಎಂದೇ ಗುರುತಿಸುತ್ತಾರೆ. ಈ ಕಾರ್ಖಾನೆಗಳಲ್ಲಿ ಟರ್ನರ್, ಫಿಟ್ಟರ್ ಆಗಿ ಕೈ ಪಳಗಿಸಿಕೊಂಡವರು, ಅವರ ಮಕ್ಕಳು, ಅಣ್ಣತಮ್ಮಂದಿರ ಮಕ್ಕಳು ರಸ್ತೆಬದಿಯಲ್ಲಿ ಒಂದೊಂದು ಲೇತ್ ಇಟ್ಟುಕೊಂಡರು. ರೈಲು ಮುಟ್ಟದ ಚಿಂಚೋಳಿಯ ಕಡೆಯಿಂದಲೂ ರಿಪೇರಿಗೆ ಪಂಪು, ಗೇರು ಇವರಲ್ಲಿಗೇ ಬರುತ್ತವೆ.

ಕೆಲಸ ದೊಡ್ಡದು, ಯಂತ್ರ ಸಣ್ಣದು. ಇದು ಹೊಸ ತೊಂದರೆಯಲ್ಲ.

ಮಿಲ್ಲಿಂಗ್ ಯಂತ್ರ ಹುಟ್ಟಿದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ, ಅಮೆರಿಕದ ಬಂದೂಕು ತಯಾರಕರ ಕೈಯಲ್ಲಿ. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕು ಎಂಬ ಹಟ ಅದರ ಹಿಂದಿತ್ತು. ಅರ ಹಿಡಿದು ಉಜ್ಜುವ ಕೈಗಳಿಂದ ಅದು ಸಾಧ್ಯವಿರಲಿಲ್ಲ. ಬಹುಕಾಲ ಇದರ ಕೀರ್ತಿ 1818ರ ಸುಮಾರಿಗೆ ಯಂತ್ರ ಕಟ್ಟಿದನೆಂದು ಇಲೈ ವಿಟ್ನಿಗೆ ಸಲ್ಲುತ್ತಿತ್ತು. ಹತ್ತಿಯ ಬೀಜ ಬಿಡಿಸುವ ಜಿನ್ ಕಂಡುಹಿಡಿದವನೂ ಅವನೇ ತಾನೆ. ಒಬ್ಬನ ಹೆಸರಿಗೆ ಒಂದು ಕೀರ್ತಿ ಅಂಟಿಕೊಂಡರೆ ಮತ್ತೊಂದು ತಾನಾಗಿ ಬಂದು ಕೂಡುತ್ತದೆ. 20ನೇ ಶತಮಾನದಲ್ಲಿ ಇತಿಹಾಸಕಾರರು ಕೆದಕಿ ನೋಡಿ, ಸಿಮಿಯನ್ ನಾರ್ತ್, ಜಾನ್ ಹಾಲ್, ರಾಬರ್ಟ್ ಜಾನ್ಸನ್ ಮೊದಲಾದವರೂ ಅದೇ ಕಾಲದಲ್ಲಿ ಇದರಲ್ಲಿ ತೊಡಗಿದ್ದರೆಂದು ತೋರಿಸಿದ್ದಾರೆ.

ಕೀರ್ತಿ ಯಾರದಾದರೂ ಇರಲಿ, ನಮ್ಮ ವಿಷಯಕ್ಕೆ ಮುಖ್ಯವಾದ ಮಾತು ಬೇರೆ. ಆ ಕಾಲದ ಯಂತ್ರಗಳು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಸರಿಯುವುದನ್ನು ಕಲಿತವು. ಮೇಲೆ ಕೆಳಗೆ ಸರಿಯುವುದನ್ನು ಮಾತ್ರ ಕಲಿಯಲಿಲ್ಲ. ಕಲಿತರೂ ಅರೆಬರೆ. 1850ರ ದಶಕದಲ್ಲಿ ಹಾರ್ಟ್‌ಫರ್ಡಿನಿಂದ ಬಂದು ಹೆಸರು ಮಾಡಿದ್ದು ಲಿಂಕನ್ ಮಿಲ್ಲರ್ ಎಂಬ ಯಂತ್ರ. ಅದರಲ್ಲಿ ಕಟ್ಟರ್ ಹಿಡಿಯುವ ಸ್ಪಿಂಡಲ್ಲನ್ನು ಮೇಲೆ ಕೆಳಗೆ ಮಾಡಬಹುದಿತ್ತು. ಆದರೆ ಒಮ್ಮೆ ಎತ್ತರ ಹೊಂದಿಸಿ, ಬಿಗಿದು, ಒಂದೇ ಬಗೆಯ ಸಾವಿರಾರು ತುಂಡು ಕೊರೆಯುವುದಕ್ಕೆಂದೇ ಅದನ್ನು ಮಾಡಲಾಗಿತ್ತು. ಕೆಲಸದ ನಡುವೆ ಎತ್ತರ ಬದಲಿಸುವ ಯೋಚನೆಯೇ ಅದರ ಹಿಂದಿರಲಿಲ್ಲ. ಒಂದೇ ಬಗೆಯ ಬಂದೂಕು ಮಾಡುವವನಿಗೆ ಅದರ ಅಗತ್ಯ ಬೀಳುವುದೂ ಇಲ್ಲ. ಇಂದು ಪಂಪು, ನಾಳೆ ಗೇರ್‌ಬಾಕ್ಸು, ನಾಡಿದ್ದು ಟ್ರ್ಯಾಕ್ಟರಿನ ಪಟ್ಟಿ ಬರುವ ರಿಪೇರಿಯವನಿಗೆ ಮಾತ್ರ ಎತ್ತರ ಬೇಕು. ಚರಿತ್ರೆ ಬರೆದವರು ಹೆಚ್ಚಾಗಿ ದೊಡ್ಡ ಕಾರ್ಖಾನೆಗಳನ್ನು ನೋಡಿ ಬರೆದದ್ದರಿಂದ ಈ ರಿಪೇರಿಯವನ ಕಷ್ಟ ಅದರಲ್ಲಿ ಹೆಚ್ಚು ಕಾಣುವುದಿಲ್ಲ ಎಂದು ನನ್ನ ಅನಿಸಿಕೆ.

1861ರ ಸುಮಾರಿಗೆ ಫ್ರೆಡರಿಕ್ ಹೋ ಎಂಬ ಎಂಜಿನಿಯರ್ ಪ್ರಾವಿಡೆನ್ಸ್ ನಗರದ ಜೋಸೆಫ್ ಬ್ರೌನ್ ಬಳಿ ಒಂದು ಕಷ್ಟ ಹೇಳಿಕೊಂಡ. ಡ್ರಿಲ್ ಬಿಟ್ಟಿನ ಮೈಮೇಲೆ ಹಾವಿನಂತೆ ಸುತ್ತುವ ಗಾಡಿಯನ್ನು ಕೈಯಿಂದ ಅರ ಹಾಕಿ ಮಾಡುತ್ತಿದ್ದರು. ಅದಕ್ಕೊಂದು ಯಂತ್ರ ಬೇಕಿತ್ತು. ಬ್ರೌನ್ ಕಟ್ಟಿಕೊಟ್ಟ ಯಂತ್ರ 1862ರ ಮಾರ್ಚ್‌ನಲ್ಲಿ ಮೊದಲ ಬಾರಿ ಮಾರಾಟವಾಯಿತು. ಅದರ ಹೆಸರು ಯೂನಿವರ್ಸಲ್ ಮಿಲ್ಲಿಂಗ್ ಮಷಿನ್. ಸುರುಳಿ ಗಾಡಿಯ ಜೊತೆಗೆ ಅದು ಇನ್ನೊಂದು ಕಷ್ಟವನ್ನೂ ಬಿಡಿಸಿತು. ಗಟ್ಟಿ ಕಂಬದ ಮುಂಭಾಗಕ್ಕೆ ಮಡಿಸಿದ ಮೊಣಕಾಲಿನಂತೆ ಚಾಚಿದ ಒಂದು ಭಾಗ, ಅದರ ಮೇಲೆ ಟೇಬಲ್ಲು. ಕೆಳಗಿನ ಸ್ಕ್ರೂ ತಿರುಗಿಸಿದರೆ ಮೊಣಕಾಲು ಟೇಬಲ್ ಸಮೇತ ಏರುತ್ತದೆ, ಇಳಿಯುತ್ತದೆ. ಕಂಬ ಮಾತ್ರ ಅಲುಗುವುದಿಲ್ಲ. ಇಂದಿಗೂ ವರ್ಕ್‌ಶಾಪುಗಳಲ್ಲಿ "ನೀ ಟೈಪ್" ಎನ್ನುವುದು ಇದನ್ನೇ. 1961ರಲ್ಲಿ ಬೆಂಗಳೂರಿನಲ್ಲಿ ಜರ್ಮನ್ ಸಹಯೋಗದಿಂದ ಆರಂಭವಾದ ಭಾರತ್ ಫ್ರಿಟ್ಜ್ ವರ್ನರ್ ಕಾರ್ಖಾನೆಯಿಂದ ಹೊರಬಂದು ನಮ್ಮ ಐಟಿಐಗಳಲ್ಲಿ, ಕಾರ್ಖಾನೆಗಳಲ್ಲಿ ನಿಂತ ಯಂತ್ರಗಳಲ್ಲೂ ಇದೇ ಮೊಣಕಾಲು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಬಂದದ್ದರಿಂದ ಯಂತ್ರ ಮಾಡುವ ಯಂತ್ರಗಳ ವಿಷಯದಲ್ಲಿ ಕರ್ನಾಟಕಕ್ಕೆ ದೇಶದಲ್ಲೇ ಒಂದು ಹೆಸರಿತ್ತು. ಆ ಭಾಗ್ಯ ಹೈದರಾಬಾದ್ ಕರ್ನಾಟಕದ ರಸ್ತೆಬದಿಯವರಿಗೆ ಹೆಚ್ಚಾಗಿ ತಲುಪಿದ್ದು ಹರಾಜಿನ ಮೂಲಕವೇ.

ಮೊಣಕಾಲಿನ ನಂತರದ ದೊಡ್ಡ ಹೆಜ್ಜೆ ಬ್ರಿಡ್ಜ್‌ಪೋರ್ಟ್ ಎಂಬ ಊರಿನಿಂದ ಬಂತು. ಅಲ್ಲಿ ರುಡಾಲ್ಫ್ ಬ್ಯಾನೋ ಮತ್ತು ಅವನ ಜೊತೆಗಾರ ಮ್ಯಾಗ್ನಸ್ ವಾಲ್‌ಸ್ಟ್ರಾಮ್ ಬೇರೆಯವರ ಹಳೆಯ ಯಂತ್ರಗಳಿಗೆ ಕೂಡಿಸಬಹುದಾದ ಒಂದು ಮಿಲ್ಲಿಂಗ್ ಹೆಡ್ಡನ್ನು ಮಾರುತ್ತಿದ್ದರು. ಈ ತಲೆಗೆ ತಕ್ಕ ಮೈಯನ್ನು ತಾವೇ ಏಕೆ ಮಾಡಬಾರದು ಎಂದು ಬ್ಯಾನೋಗೆ 1936ರಲ್ಲಿ ಹೊಳೆಯಿತು. 1938ರಲ್ಲಿ ಮೊದಲ ಯಂತ್ರ ಬಂತು. ತಲೆ ಒಂದು ತೋಳಿನ ತುದಿಯಲ್ಲಿ, ತೋಳು ತಿರುಗುವ ಗೋಪುರದ ಮೇಲೆ, ಗೋಪುರ ಕಂಬದ ಮೇಲೆ. ಈ ಗೋಪುರಕ್ಕೂ ಕಂಬಕ್ಕೂ ನಡುವೆ ಎರಕದ ಒಂದು ಉಂಗುರ ಕೂಡಿಸಿದರೆ ಎತ್ತರ ಹೆಚ್ಚುತ್ತದೆ. ಅಂಥ ಉಂಗುರಗಳನ್ನು ಅಂಗಡಿಯಲ್ಲೇ ಮಾರುತ್ತಾರೆ. ನಮ್ಮ ಮಾಲೀಕರು ಕೇಳಿದ ಬ್ಲಾಕಿನ ಅಣ್ಣ ಇದು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ತಜ್ಞರು ಅಂದು ಹೇಳಹೊರಟ "ಆದರೆ" ಇದೇ ಇರಬೇಕು. ಮೊಣಕಾಲು ಕೊಟ್ಟದ್ದು ಚಲನೆ, ಅಂದರೆ ಏರಿಳಿಯುವ ಅವಕಾಶ. ಬ್ಲಾಕು ಕೊಡುವುದು ಬರೀ ಜಾಗ. ಶಹಾಬಾದಿನ ಯಂತ್ರಕ್ಕೆ ಮೊಣಕಾಲಿಲ್ಲ; ತಲೆಯೇ ಕಂಬದ ಮೇಲೆ ಏರಿಳಿಯುತ್ತದೆ. ಟೇಪು ಹಿಡಿದು ಅಳೆದೆವು. ಸ್ಪಿಂಡಲ್ಲಿನ ತುದಿ ಟೇಬಲ್ಲಿಗೆ ಹೆಚ್ಚೆಂದರೆ 11 ಇಂಚು ದೂರ, ಕಡಿಮೆಯೆಂದರೆ 2 ಇಂಚು. ಚಲನೆ 9 ಇಂಚು. ಬುಡಕ್ಕೆ 4 ಇಂಚು ಕೊಟ್ಟರೆ ಅದು 15 ಮತ್ತು 6 ಆಗುತ್ತದೆ. ಚಲನೆ ಅದೇ 9. 2 ಇಂಚು ಉದ್ದ ಹೊರಚಾಚಿದ ಕಟ್ಟರ್ ಮೊದಲು ಟೇಬಲ್ಲನ್ನು ಮುಟ್ಟುತ್ತಿತ್ತು. ಈಗ ಟೇಬಲ್ಲಿನಿಂದ 4 ಇಂಚು ಮೇಲೆಯೇ ನಿಂತುಬಿಡುತ್ತದೆ. ಸಣ್ಣ ಕೆಲಸ ಬಂದರೆ ಅದರ ಅಡಿಗೆ ಮಣೆ ಹಾಕಬೇಕು. ಇದನ್ನು ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದಾಗ ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು: "ನಿಚ್ಚಣಿಕಿ ಎತ್ತಿ ಕಟ್ಟಿ ಮ್ಯಾಲ ಇಟ್ರ ನಿಚ್ಚಣಿಕಿ ಉದ್ದ ಆಗಂಗಿಲ್ಲ ತಮ್ಮಾ."

ಎತ್ತರವನ್ನು ತಿನ್ನುವವರು ಯಾರು ಎಂದೂ ಲೆಕ್ಕ ಹಾಕಿದೆವು. ಡ್ರಿಲ್ ಹಾಕಬೇಕಾದರೆ ವೈಸ್ 2 ಇಂಚು, ಹೌಸಿಂಗ್ 7, ಡ್ರಿಲ್ ಚಕ್ 3½, ಡ್ರಿಲ್ ಬಿಟ್ 4½, ಒಟ್ಟು 17. ಯಂತ್ರದಲ್ಲಿರುವುದು 11. ವೈಸ್ ಬಿಟ್ಟು ಹೌಸಿಂಗನ್ನೇ ಟೇಬಲ್ಲಿಗೆ ಕ್ಲಾಂಪ್ ಮಾಡಿದರೆ 2 ಇಂಚು ಉಳಿಯಿತು. ಚಕ್ ಬದಲು ಕೊಲೆಟ್ ಹಾಕಿದರೆ ಮತ್ತೆ 2. ಗಿಡ್ಡ ಡ್ರಿಲ್ ಹಾಕಿದರೆ ಇನ್ನೂ 2. ಒಂದು ಬೋಲ್ಟನ್ನೂ ಬಿಚ್ಚದೆ 6 ಇಂಚು! ಅದೂ ಗಟ್ಟಿತನ ಕಡಿಮೆಯಾಗದೆ, ಬದಲಿಗೆ ಹೆಚ್ಚಾಗಿ. ಏಕೆಂದರೆ ಗಿಡ್ಡ ಉಪಕರಣ ಕಡಿಮೆ ನಡುಗುತ್ತದೆ. ಬ್ಲಾಕಿನ ಯೋಚನೆ ಮಾಡುವವರು ಮೊದಲು ಈ ಲೆಕ್ಕ ಹಾಕಬೇಕು. ಆದರೆ 17ರಲ್ಲಿ 6 ಕಳೆದರೆ ಸರಿಯಾಗಿ 11, ಉಸಿರಾಡಲು ಜಾಗವಿಲ್ಲ. ಬೇರಿಂಗಿನ ರಂಧ್ರ ಕೊರೆಯಲು ಬೇಕಾದ ಬೋರಿಂಗ್ ಹೆಡ್ ಮತ್ತು ಬಾರ್ ಸೇರಿ 6½ ಇಂಚು. ಹೌಸಿಂಗ್ ಕೂಡಿದರೆ 13½. ಅಂದರೆ ಬ್ಲಾಕು ಬೇಕೇ ಬೇಕು. ಆದರೆ 4 ಇಂಚು ಬೇಕಿಲ್ಲ, 3 ಸಾಕು.

ಒಂದು ಇಂಚಿನಲ್ಲಿ ಏನು ಮಹಾ ಎನ್ನಬಹುದು. ಇದಕ್ಕೆ ನನ್ನ ಕಸುಬಿನ ಒಂದು ಉದಾಹರಣೆ ಕೊಡುತ್ತೇನೆ. ಕ್ಯಾಮೆರಾದ ಟ್ರೈಪಾಡಿನ ನಡುಗಂಬವನ್ನು ಪೂರ್ತಿ ಮೇಲೆಳೆದು ಜಾತ್ರೆಯ ಜನಜಂಗುಳಿಯ ಮೇಲಿಂದ ಚಿತ್ರೀಕರಿಸುವ ಆಸೆ ಪ್ರತಿ ಹೊಸ ಛಾಯಾಗ್ರಾಹಕನಿಗೂ ಇರುತ್ತದೆ. ಸಂಪಾದನೆಯ ಮೇಜಿನ ಮುಂದೆ ಕೂತಾಗ ಚಿತ್ರವೆಲ್ಲ ನಡುಗಿರುವುದು ಕಾಣುತ್ತದೆ. ಬುಡದಲ್ಲಿ ಬಿಗಿದು ತುದಿ ಬಿಟ್ಟ ಕಂಬದ ತುದಿಯನ್ನು ಅಡ್ಡಕ್ಕೆ ಒತ್ತಿದರೆ ಅದು ಬಾಗುವ ಪ್ರಮಾಣ ಉದ್ದದ ಘನದಂತೆ ಬೆಳೆಯುತ್ತದೆ ಎಂದು ಭೌತವಿಜ್ಞಾನದ ತರಗತಿಯಲ್ಲಿ ಓದಿದ್ದು ಆಗ ನೆನಪಾಗುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ನಮ್ಮ ಯಂತ್ರದ ಕಂಬ 16 ಇಂಚು. ಅದೇ ದಪ್ಪದಲ್ಲಿ ಅದನ್ನು 20 ಇಂಚು ಮಾಡಿದರೆ ಬಾಗು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 19 ಇಂಚು ಮಾಡಿದರೆ ಒಂದೂಮುಕ್ಕಾಲಿನೊಳಗೆ ಇರುತ್ತದೆ. ಬ್ಲಾಕು ಕಂಬಕ್ಕಿಂತ ಅಗಲವಾಗಿದ್ದರೆ ಇನ್ನೂ ಕಡಿಮೆ. ಹೊರದೇಶದ ಹವ್ಯಾಸಿಗಳಲ್ಲಿ ಬಲು ಬಳಕೆಯಲ್ಲಿರುವ ಎಕ್ಸ್-2 ಎಂಬ ಮಾದರಿಯಲ್ಲಿ ಕಂಬವನ್ನು ಓರೆ ಮಾಡಲು ಅನುಕೂಲವಾಗಲೆಂದು ಬುಡದಲ್ಲಿ ಒಂದೇ ದೊಡ್ಡ ನಟ್ಟಿನಿಂದ ಬಿಗಿದಿರುತ್ತಾರೆ. ಅಂಥದ್ದರ ಎತ್ತರ ಹೆಚ್ಚಿಸುವವರು ಮೊದಲು ಆ ಕೀಲನ್ನು ಗಟ್ಟಿ ಮಾಡಿಕೊಳ್ಳುವುದು ವಾಡಿಕೆ. ಶಹಾಬಾದಿನ ಯಂತ್ರಕ್ಕೆ ನಾಲ್ಕು ಬೋಲ್ಟುಗಳಿದ್ದದ್ದು ಪುಣ್ಯ.

ಬಾಗುವುದಕ್ಕಿಂತ ಕೆಟ್ಟದ್ದು ವಾಲುವುದು. ಬ್ಲಾಕಿನ ಮೇಲ್ಮುಖ ಕೆಳಮುಖಗಳು ಒಂದಕ್ಕೊಂದು ಸಮಾಂತರ ಇಲ್ಲದೆ, 100 ಮಿ.ಮೀ. ಅಗಲಕ್ಕೆ 0.05 ಮಿ.ಮೀ., ಅಂದರೆ ಒಂದು ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ, 400 ಮಿ.ಮೀ. ಎತ್ತರದಲ್ಲಿ ಕಂಬ 0.2 ಮಿ.ಮೀ. ವಾಲುತ್ತದೆ. ತಲೆ ಅದರ ಮೇಲೆ ಇಳಿಯುತ್ತ ಕೊರೆದ ರಂಧ್ರವೂ ಅಷ್ಟೇ ಓರೆ. ಓರೆ ರಂಧ್ರದಲ್ಲಿ ಕೂತ ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಹಾಗಾದರೆ ಚಪ್ಪಟೆ ಎಂಬುದನ್ನು ಎಲ್ಲಿಂದ ತರುವುದು? ಯಂತ್ರದಿಂದ ಎಂದರೆ ಆ ಯಂತ್ರದ ಚಪ್ಪಟೆ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಕೊಟ್ಟು ಪ್ರಸಿದ್ಧನಾದವನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ಅವನು ನಿಜವಾದ ಸಮತಲ ಮಾಡುವ ಬಗೆಯನ್ನು ಮಂಡಿಸಿದ. ಅದರ ಯುಕ್ತಿ ಶಾಲೆಯ ಮಗುವಿಗೂ ತಿಳಿಯುವಂಥದು. ಎರಡು ಫಲಕಗಳು ಒಂದರ ಮೇಲೊಂದು ಸಂದಿಲ್ಲದೆ ಕೂತವು ಎಂದ ಮಾತ್ರಕ್ಕೆ ಅವು ಚಪ್ಪಟೆ ಎನ್ನುವಂತಿಲ್ಲ. ಒಂದು ಉಬ್ಬಿದ್ದು ಇನ್ನೊಂದು ತಗ್ಗಿರಬಹುದು, ಬೋಗುಣಿಯ ಮೇಲೆ ಬೋಗುಣಿ ಕೂತಂತೆ. ಆದರೆ ಮೂರು ಫಲಕ ತೆಗೆದುಕೊಂಡು, ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಒಂದನೆಯದಕ್ಕೆ, ಯಾವ ಕಡೆ ತಿರುಗಿಸಿ ಇಟ್ಟರೂ ಕೂತರೆ ಮೂರೂ ಚಪ್ಪಟೆಯೇ ಆಗಿರಬೇಕು. ಬೇರೆ ದಾರಿಯಿಲ್ಲ. ಅಳತೆಗೋಲಿಲ್ಲದೆ, ಯಂತ್ರವಿಲ್ಲದೆ, ಬರೀ ಹೋಲಿಕೆಯಿಂದ ಸತ್ಯ ಹೊರಡುತ್ತದೆ. ಅದುವರೆಗೆ ಫಲಕಗಳನ್ನು ನಡುವೆ ಮರಳಿನಂಥ ಪುಡಿ ಹಾಕಿ ಉಜ್ಜುತ್ತಿದ್ದರು. ಪುಡಿ ಎಲ್ಲ ಕಡೆ ಸಮನಾಗಿ ತಿನ್ನುವುದಿಲ್ಲವೆಂದು ಅದನ್ನು ಬಿಡಿಸಿ, ಬಣ್ಣ ಹಚ್ಚಿ, ಬಣ್ಣ ಅಂಟಿದ ಉಬ್ಬುಗಳನ್ನಷ್ಟೇ ಸ್ಕ್ರೇಪರಿನಿಂದ ಹೆರೆಯಬೇಕೆಂದು ವಿಟ್‌ವರ್ತ್ ಹೇಳಿದ. ಕಾಕಾ ಇದನ್ನು ಕೇಳಿ ನಕ್ಕರು. ನೀಲಿ ಹಚ್ಚಿ ಸ್ಕ್ರೇಪ್ ಮಾಡುವುದನ್ನು ಅವರು ಹದಿನೆಂಟನೆಯ ವಯಸ್ಸಿನಲ್ಲೇ ಕಲಿತಿದ್ದರು. ಕಲಿಸಿದವರು ವಿಟ್‌ವರ್ತ್‌ನ ಹೆಸರು ಹೇಳಿರಲಿಲ್ಲ ಅಷ್ಟೆ.

ಬ್ಲಾಕಿಗೆ ಬೀಡೇ ಬೇಕೆಂದು ಅವರು ಹಟ ಹಿಡಿದರು, ಅದೂ ಹಳೆಯ ಬೀಡು. ಹೊಸ ಎರಕದ ಒಳಗೆ ಆರುವಾಗಿನ ಸೆಳೆತ ಉಳಿದಿರುತ್ತದೆ, ಕೆತ್ತಿದ ಮೇಲೂ ಅದು ತಿರುಚಿಕೊಳ್ಳಬಹುದು. ಅದಕ್ಕೇ ಹಿಂದಿನ ಯಂತ್ರ ತಯಾರಕರು ಎರಕಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಬಿಸಿಲು ಮಳೆಗೆ ಬಿಟ್ಟು ಪಳಗಿಸುತ್ತಿದ್ದರು. ಗುಜರಿಯಲ್ಲಿ ಹಳೆಯ ಪ್ರೆಸ್ಸೊಂದರ ದಪ್ಪ ಫಲಕ ಸಿಕ್ಕಿತು. ಸಿಮೆಂಟಿನ ಊರಿನಲ್ಲಿ ಕೂತು ಬೀಡು ಹುಡುಕುತ್ತಿದ್ದೀರಲ್ಲ, ಕಾಂಕ್ರೀಟಿನಲ್ಲೇ ಎರಕ ಹೊಯ್ಯಬಾರದೇ ಎಂದು ನಾನು ತಮಾಷೆಗೆ ಕೇಳಿದೆ. ಪೂರ್ತಿ ತಮಾಷೆಯೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡು ಕೊರೆಯಲು ಲೇತ್‌ಗಳು ತುರ್ತಾಗಿ ಬೇಕಾದಾಗ, ಕಬ್ಬಿಣದ ಬೆಡ್ಡುಗಳಿಗಾಗಿ ಕಾಯದೆ, ಯೋಮನ್ಸ್ ಎಂಬ ಅಮೆರಿಕದ ಎಂಜಿನಿಯರ್ ಕಾಂಕ್ರೀಟಿನ ಮೈಯ ಲೇತ್‌ಗಳನ್ನೇ ಕಟ್ಟಿದ್ದ. ಸ್ವಿಟ್ಜರ್ಲೆಂಡಿನ ಸ್ಟೂಡರ್ ಕಂಪನಿ ಗ್ರಾನೈಟ್ ಚೂರು ಮತ್ತು ರಾಳ ಕಲಸಿದ ಎರಕದ ಮೇಲೆ ಗ್ರೈಂಡಿಂಗ್ ಯಂತ್ರಗಳನ್ನು ಕೂಡಿಸಿದೆ. ಕಲ್ಲು ಕಬ್ಬಿಣಕ್ಕಿಂತ ನಡುಕವನ್ನು ಬೇಗ ನುಂಗುತ್ತದೆ. ಕಾಕಾ ಒಪ್ಪಲಿಲ್ಲ. "ಕಾಂಕ್ರೀಟ್ ಮೈಗೆ ಆಗ್ತದ ಸರ, ಮುಖಕ್ಕ ಆಗಂಗಿಲ್ಲ. ಬೋಲ್ಟ್ ಬಿಗಿದು ಬಿಚ್ಚಿ ಮಾಡೋ ಜಾಗಾ ಅದು" ಎಂದರು. ಅವರ ಮಾತೇ ಸರಿ.

ನಾನು ಮತ್ತೆ ಹೋದದ್ದು ಬೇಸಿಗೆಯಲ್ಲಿ. ಬ್ಲಾಕಿನ ಎರಡೂ ಮುಖವನ್ನು ಸೊಲ್ಲಾಪುರದಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ ತಂದಿದ್ದರು. ಆಮೇಲೆ ಕಾಕಾ, ಹಳೆಯ ಚಪ್ಪಟೆ ಅರವನ್ನು ಸಾಣೆ ಹಿಡಿದು ಮಾಡಿಕೊಂಡ ಸ್ಕ್ರೇಪರಿನಿಂದ, ಕಂಬದ ಬುಡ ಕೂಡುವ ಜಾಗವನ್ನು ನಾಲ್ಕು ದಿನ ಹೆರೆದಿದ್ದರು. ಹಳೆಯ ಬೋಲ್ಟುಗಳನ್ನು ಬಿಟ್ಟು, ಬ್ಲಾಕಿನ ಮೂಲಕ ಹಾದು ಬೇಸಿನವರೆಗೆ ಇಳಿಯುವ ಉದ್ದನೆಯ ಬೋಲ್ಟು ಹಾಕಿದ್ದರು. ಡಯಲ್ ಗೇಜನ್ನು ಸ್ಪಿಂಡಲ್ಲಿಗೆ ಕಟ್ಟಿ ಟೇಬಲ್ಲಿನ ಮೇಲೆ ಸುತ್ತ ತಿರುಗಿಸಿ ತೋರಿಸಿದರು. ಬೆಳಗ್ಗೆ ಎಂಟು ಗಂಟೆಗೆ ಮುಳ್ಳು ಹೆಚ್ಚು ಅಲುಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಮತ್ತೆ ತಿರುಗಿಸಿದಾಗ ಹಿಂದೆ ಮುಂದೆ 0.04 ಮಿ.ಮೀ. ವ್ಯತ್ಯಾಸ ತೋರಿಸಿತು! ಮಾಲೀಕರ ಮುಖ ಬಾಡಿತು. ಬೋಲ್ಟು ಸಡಿಲವಾಯಿತೇ ಎಂದು ಪಾನಾ ಹಿಡಿದರು. ಸಡಿಲವಾಗಿರಲಿಲ್ಲ. ಪಡುವಣ ಕಿಟಕಿಯಿಂದ ಬಂದ ಬಿಸಿಲು ಕಂಬದ ಬೆನ್ನಿಗೆ ನೇರವಾಗಿ ಬಿದ್ದಿತ್ತು. ಕಬ್ಬಿಣದ ಒಂದು ಮಗ್ಗುಲು ಮಾತ್ರ ಕಾದರೆ ಅದು ಆ ಕಡೆ ಉದ್ದವಾಗಿ ಇನ್ನೊಂದು ಕಡೆಗೆ ಬಾಗುತ್ತದೆ. ಕಲಬುರಗಿ ಸೀಮೆಯ ಮೇ ತಿಂಗಳು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ಕಿಟಕಿಗೆ ಗೋಣಿತಟ್ಟು ಕಟ್ಟಿದರು. ಸಂಜೆ ಆರಕ್ಕೆ ಮುಳ್ಳು ಬೆಳಗಿನ ಜಾಗಕ್ಕೇ ಬಂದು ನಿಂತಿತು.

ಗೇರ್‌ಬಾಕ್ಸಿನ ಹೌಸಿಂಗನ್ನು ಆ ರಾತ್ರಿಯೇ, ತಂಪು ಹೊತ್ತಿನಲ್ಲಿ ಕೊರೆದರು. ಒಂದೇ ಸಲಕ್ಕೆ ಆಳವಾಗಿ ತೆಗೆಯದೆ, ತೆಳುವಾಗಿ ಹತ್ತಾರು ಸಲ. ಕ್ಯಾಮೆರಾದವರನ್ನು ಹನ್ನೊಂದು ಗಂಟೆಯವರೆಗೆ ಕೂರಿಸಿಕೊಂಡದ್ದಕ್ಕೆ ನಾನು ಅವರಿಂದ ಬೈಸಿಕೊಂಡದ್ದು ಬೇರೆ ಮಾತು. ಬುಷ್ ಹೊಡೆದು, ಬೇರಿಂಗ್ ಕೂಡಿಸಿ, ಶಾಫ್ಟನ್ನು ಬೆರಳಿನಿಂದ ತಿರುಗಿಸಿದಾಗ ಅದು ಎಲ್ಲಿಯೂ ತಡೆಯದೆ ಸುತ್ತಿತು. ಮರುದಿನ ಪಾಲಿಶ್ ಘಟಕದವರು ಬಂದು ಒಯ್ದರು.

ಈಗ ಅವರಿಗೆ ಇನ್ನೊಂದು ಚಿಂತೆ. ಸಣ್ಣ ಕೆಲಸ ಬಂದಾಗ ವೈಸ್ ಕೆಳಗಿಡಲು 3 ಇಂಚಿನ ಮಣೆ ಬೇಕು. ಬೀಡು ಮತ್ತೆ ಸಿಕ್ಕಿಲ್ಲ. ಫರಸಿಯ ಮೂರು ದಪ್ಪ ತುಂಡುಗಳನ್ನು ಒಂದಕ್ಕೊಂದು ಉಜ್ಜಿ, ನೀಲಿ ಹಚ್ಚಿ ನೋಡೋಣವೇ ಎಂದು ಮಾಲೀಕರು ಕೇಳುತ್ತಿದ್ದಾರೆ. ಬೋಲ್ಟಿನ ಬಿಗಿತಕ್ಕೆ ಫರಸಿ ಪದರು ಬಿಡುತ್ತದೆ ಎಂಬುದು ಕಾಕಾನ ವಾದ. ಆದರೂ ನಾನು ಹೊರಟಾಗ ಶೆಡ್ಡಿನ ಹೊರಗೆ ಮೂರು ಕಲ್ಲು ನೀರಿನಲ್ಲಿ ನೆನೆಯುತ್ತಿದ್ದವು.